ಬೀಗದವರು ಅಲೆ ಹತ್ತಲು ಹೋದದ್ದು

ಬೀಗದವರು ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತಿ ಬಂದಾಗ, ಮಾಲೀಕರು ಮತ್ತೆ ಕೀಲಿಕೈ ಕಳೆದುಕೊಂಡಿರಬೇಕು ಎಂದೇ ಅಲ್ಲಿ ಟಿಕೆಟ್ ಮಾಡಿಕೊಡುವ, ಊರಿಗೆಲ್ಲ ಟಿಕೆಟ್ ಅಕ್ಕ ಆಗಿದ್ದವಳು ಅಂದುಕೊಂಡಳು. ಅದೇನು ಹೊಸದಲ್ಲ. ವರ್ಷಕ್ಕೆರಡು ಸಲವಾದರೂ ಮಾಲೀಕರು ಗಾಜಿನ ಬಾಗಿಲಿನ ಕೀಲಿಕೈ ಕಳೆಯುತ್ತಿದ್ದರು. ಕೆಳಗಿನ ಬೀದಿಯ ಮೂಲೆಯಲ್ಲಿ ಕೀಲಿಕೈ ಮಾಡುತ್ತ ಕೂರುವ ಈ ಮುದುಕರು ಸಲಕರಣೆಯ ಚೀಲ ಹಿಡಿದು ಬಂದು, ಎರಡೇ ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟು ಹೋಗುತ್ತಿದ್ದರು. ಅವರ ಕೈಗೆ ಬಗ್ಗದ ಬೀಗ ಆ ಪೇಟೆಯಲ್ಲಿರಲಿಲ್ಲ. ಆದರೆ ಅವತ್ತು ಕೈಯಲ್ಲಿ ಚೀಲವಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು, ನೀರು ಹಚ್ಚಿ ತಲೆ ಬಾಚಿದ್ದರು.

"ನಿಮ್ಮ ಬೀಗರು ಬಂದ್ರು ನೋಡಿ, ಉಪಚಾರ ಮಾಡಿ," ಎಂದರು ಮಾಲೀಕರು ತಮ್ಮ ಮೇಜಿನಿಂದ. ಈ ನಗೆಚಾಟಿಕೆಗೆ ಎಷ್ಟು ವಯಸ್ಸಾಗಿತ್ತೆಂದರೆ ಅದಕ್ಕೆ ಅವರೊಬ್ಬರನ್ನು ಬಿಟ್ಟು ಇನ್ಯಾರೂ ನಗುತ್ತಿರಲಿಲ್ಲ.

ಬೀಗದವರು ಕುರ್ಚಿಯ ತುದಿಯಲ್ಲಿ ಕೂತರು. "ಅಮ್ಮಾ, ಸಮುದ್ರದಲ್ಲಿ ಹಲಗೆ ಮೇಲೆ ನಿಂತ್ಕೊಂಡು ಅಲೆ ಜೊತೆ ಜಾರ್ಕೊಂಡು ಹೋಗ್ತಾರಲ್ಲ..."

"ಸರ್ಫಿಂಗಾ?"

"ಹೂಂ, ಅದೇ. ಅದಕ್ಕೆ ಹೋಗಬೇಕಿತ್ತು."

"ಯಾರು ಹೋಗೋದು ಯಜಮಾನ್ರೆ?"

"ನಾನು, ನನ್ನ ಮಗಳು."

ಮಾಲೀಕರ ತಲೆ ಪತ್ರಿಕೆಯ ಮೇಲಿಂದ ಮೇಲೆದ್ದಿತು. ಟಿಕೆಟ್ ಅಕ್ಕ ತುಟಿ ಕಚ್ಚಿ ನಗು ತಡೆದಳು. ಅರವತ್ತು ದಾಟಿದ ಮನುಷ್ಯ, ಕಾಲು ಗಂಟೆ ನಿಂತರೆ ಮಂಡಿ ಹಿಡಿದುಕೊಳ್ಳುವವರು. ಆದರೆ ಅವರು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ನೇವರಿಸಿ ಸರಿಮಾಡಿದ ರೀತಿ ನೋಡಿ ಅವಳ ನಗು ತಾನಾಗಿ ಇಳಿಯಿತು. ಕೀಲಿಕೈಯ ನಂಬರು ಬರೆಯುವಂಥ ದುಂಡಗಿನ ಬಿಡಿ ಅಕ್ಷರಗಳಲ್ಲಿ ಒಂದು ದ್ವೀಪದೇಶದ ಹೆಸರು ಬರೆದಿದ್ದರು. ವರ್ಷವೆಲ್ಲ ಬೆಚ್ಚಗಿರುವ, ತೆಂಗಿನ ಮರಗಳು ನೀರಿನ ತನಕ ಬಾಗಿರುವ ದೇಶ. ಅದರ ಕೆಳಗೆ: ಹತ್ತು ದಿನ. ತಳ ಮರಳಿರಬೇಕು, ಬಂಡೆ ಬೇಡ. ಎರಡು ಕೋಣೆ.

"ಕೋಣೆಗಳು ಅಕ್ಕಪಕ್ಕ ಇರಬೇಕಾ?"

"ಬೇಡ. ದೂರ ದೂರ ಇದ್ರೂ ಪರವಾಗಿಲ್ಲ. ಅವಳ ಕೋಣೆಗೆ ಒಳಗಿಂದ ಚಿಲಕ ಗಟ್ಟಿ ಇರಬೇಕು." ಚೀಟಿಯನ್ನು ಮತ್ತೆ ನೇವರಿಸಿ ಹೇಳಿದರು, "ಹೊರಗಿಂದ ಬೀಗ ಹಾಕೋ ಹಾಗಿರಬಾರದು. ಅಂಥದ್ದು ಸಿಗುತ್ತಾ?"

ಈ ಕೆಲಸದ ಹದಿನೆಂಟು ವರ್ಷದಲ್ಲಿ ಯಾವ ಗಿರಾಕಿಯೂ ಅವಳಿಗೆ ಈ ಪ್ರಶ್ನೆ ಕೇಳಿರಲಿಲ್ಲ. "ವಿಚಾರಿಸ್ತೀನಿ," ಎಂದು ಬರೆದುಕೊಂಡಳು.

ಹೀಗೆ ಶುರುವಾಯಿತು. ಆಮೇಲೆ ಪ್ರತಿ ಮಂಗಳವಾರ ಹನ್ನೊಂದಕ್ಕೆ ಅವರು ಬರುವರು, ಅವಳು ಆ ವಾರ ಕಲಿತದ್ದನ್ನು ಒಪ್ಪಿಸುವಳು. ಸಮುದ್ರವೇ ಇಲ್ಲದ ಊರು ಅದು. ಅರ್ಧ ಊರನ್ನು ವಿಮಾನ ಹತ್ತಿಸಿದ ಟಿಕೆಟ್ ಅಕ್ಕ ತಾನು ಮಾತ್ರ ಒಂದು ಸಲವೂ ಹತ್ತಿದವಳಲ್ಲ. ಗೋಡೆಯ ಮೇಲಿನ ಸಮುದ್ರದ ಪೋಸ್ಟರು ಕೂಡ ಬಿಸಿಲಿಗೆ ಬಣ್ಣ ಕಳೆದುಕೊಂಡು ನಿಂಬೆ ಶರಬತ್ತಿನಂತಾಗಿತ್ತು. ಹಾಗಾಗಿ ಈ ಕೆಲಸ ಅವಳಿಗೆ ಹುಚ್ಚು ಹಿಡಿಸಿತು. ಗಾಳಿ ದಡದಿಂದ ಕಡಲ ಕಡೆಗೆ ಬೀಸಿದರೆ ಅಲೆ ಚೊಕ್ಕವಾಗಿ ಮಡಚಿಕೊಳ್ಳುತ್ತದೆಂದೂ, ಕಡಲಿನಿಂದ ದಡಕ್ಕೆ ಬೀಸಿದರೆ ಕಲಸಿಹೋಗುತ್ತದೆಂದೂ ಓದಿಕೊಂಡಳು. ಆ ದೇಶಕ್ಕೆ ಎರಡು ಕರಾವಳಿ. ವರ್ಷದ ಅರ್ಧ ಒಂದು ಕಡೆ ಸಮುದ್ರ ಸೌಮ್ಯವಾಗಿದ್ದರೆ ಇನ್ನೊಂದು ಕಡೆ ಕೆರಳಿರುತ್ತದೆ. ಹೊಸಬರಿಗೆ ಕೊಡುವುದು ಮೆತ್ತನೆಯ, ಉದ್ದನೆಯ ಹಲಗೆ. ಬಿದ್ದರೂ ತಲೆ ಒಡೆಯುವುದಿಲ್ಲ. ಉಬ್ಬರ ಇಳಿತದ ಪಟ್ಟಿಯನ್ನು ಅಚ್ಚು ಹಾಕಿಸಿ ಕೊಟ್ಟಾಗ ಬೀಗದವರು ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದರು.

"ಅಲೆ ಎಷ್ಟು ಹೊತ್ತಿಗೊಂದು ಬರುತ್ತೆ?"

"ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಅಂತೆ."

"ಹಾಗಾದ್ರೆ ಬಿದ್ದವರಿಗೆ ಏಳೋಕೆ ಪುರುಸೊತ್ತಿರುತ್ತೆ," ಎಂದು ತಲೆಯಾಡಿಸಿದರು. ಕಸಬುದಾರರ ಪ್ರಶ್ನೆ, ಕಸಬುದಾರರ ಸಮಾಧಾನ.

ಮನೆಯಲ್ಲಿ ಅವಳು ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದಳು. ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಕಿವಿ ಮಂದ, ನಾಲಗೆ ಚುರುಕು.

"ಅರವತ್ತಕ್ಕೆ ಅರಳುಮರಳು ಅಂತ ಸುಮ್ನೆ ಹೇಳಿಲ್ಲ," ಎಂದರು ಅತ್ತೆ ಬಟ್ಟೆ ಮಡಿಸುತ್ತ.

"ಅವರಿಗೋಸ್ಕರ ಅಲ್ಲ ಅತ್ತೆ, ಮಗಳಿಗೋಸ್ಕರ."

"ಯಾವ ಮಗಳು? ಆರೇಳು ವರ್ಷದಿಂದ ಅವನ ಹತ್ರ ಕೀಲಿಕೈ ಮಾಡಿಸ್ತಿದೀನಿ. ಮಗಳ ಮುಖ ನಾನಂತೂ ನೋಡಿಲ್ಲ. ನೀನು ನೋಡಿದೀಯಾ?"

ನೋಡಿರಲಿಲ್ಲ.

ತೊಡಕು ಬಂದದ್ದು ಪಾಸ್‌ಪೋರ್ಟಿನಲ್ಲಿ. ಬೀಗದವರು ತಮ್ಮದನ್ನು ಹೊಚ್ಚಹೊಸದಾಗಿ ಮಾಡಿಸಿ ತಂದಿದ್ದರು. ಮಗಳದು ಮಾತ್ರ ಒಂದು ಹಳೆಯ ಜೆರಾಕ್ಸ್ ಪ್ರತಿ. ಮುಖವೆಲ್ಲ ಕಪ್ಪಾಗಿ, ಒಂದು ಕಿವಿ, ಒಂದು ಜಡೆ ಮಾತ್ರ ಕಾಣುತ್ತಿತ್ತು. ಅವಧಿ ಮುಗಿದಿತ್ತು.

"ಇದು ನಡೆಯಲ್ಲ ಯಜಮಾನ್ರೆ, ಹೊಸದು ಬೇಕು."

"ಕೇಳಿ ತರ್ತೀನಿ."

ಮುಂದಿನ ಮಂಗಳವಾರ, "ಈ ವಾರ ಆಗಲಿಲ್ಲ." ಅದರ ಮುಂದಿನ ಮಂಗಳವಾರವೂ ಅದೇ. ಮೂರನೆಯ ವಾರ ಅವರು ಆ ಮಾತೇ ಎತ್ತಲಿಲ್ಲ. ಮಗಳಿಗೆ ಎಷ್ಟು ಉದ್ದದ ಹಲಗೆ ಬೇಕಾಗಬಹುದು, ಅವಳು ಎತ್ತರದ ಹುಡುಗಿ, ನನಗಿಂತ ನಾಲ್ಕು ಬೆರಳು ಹೆಚ್ಚು ಎಂದು ಹೇಳುತ್ತ ಕೂತರು. ಅಷ್ಟರಲ್ಲಿ ಆ ದೇಶದ ಸರ್ಫಿಂಗ್ ಶಾಲೆಯಿಂದ ಪತ್ರ ಬಂತು: ಆ ತಿಂಗಳಿಗೆ ಎರಡೇ ಜಾಗ ಉಳಿದಿದೆ, ಶುಕ್ರವಾರದೊಳಗೆ ಇಬ್ಬರ ವಿವರವೂ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ.

ಗುರುವಾರ ಅವಳು ಬೀಗದವರಿಗೆ ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಕೆಳಗಿಳಿದು ಹೋಗಿ ನೋಡಿದರೆ ಅಂಗಡಿ ಮುಚ್ಚಿತ್ತು. ಯಾವುದೋ ದೂರದ ಬಡಾವಣೆಯಲ್ಲಿ ತಿಜೋರಿ ತೆಗೆಯಲು ಹೋಗಿದ್ದಾರೆ ಎಂದರು ಪಕ್ಕದ ಕನ್ನಡಕದಂಗಡಿಯವರು. ಅವಳು ಮೇಲೆ ಬಂದು ಫೈಲು ತಿರುವಿದಳು. ಬೀಗದವರು ತುಂಬಿಕೊಟ್ಟಿದ್ದ ಅರ್ಜಿಯಲ್ಲಿ ಮಗಳ ಉದ್ಯೋಗದ ಜಾಗದಲ್ಲಿ "ಮಕ್ಕಳಿಗೆ ಈಜು ಕಲಿಸುವುದು" ಎಂದೂ, ಪಕ್ಕದ ಊರಿನ ಒಂದು ಈಜುಕೊಳದ ಹೆಸರೂ ಇತ್ತು. ನಂಬರು ಹುಡುಕುವುದು ಅವಳಿಗೇನು ದೊಡ್ಡ ಕೆಲಸ? ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ ಎಂದು ಹೆಸರಾದವಳು. ಆ ಹೆಸರಿನ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಒಂದು ಫೋನು, ಒಂದು ಪಾಸ್‌ಪೋರ್ಟ್ ನಂಬರು, ಮುಗಿಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಮಾಡಿದಳು. ಹಿಂದಿನಿಂದ ಮಕ್ಕಳ ಕೂಗು, ಸೀಟಿ, ನೀರು ಬಡಿಯುವ ಸದ್ದು. ಮಗಳು ಫೋನಿಗೆ ಬಂದಳು. ಟಿಕೆಟ್ ಅಕ್ಕ ಉತ್ಸಾಹದಿಂದ ಎಲ್ಲ ಹೇಳಿದಳು: ದೇಶ, ತಿಂಗಳು, ಹತ್ತು ದಿನ, ಮರಳಿನ ತಳ.

"ಎಷ್ಟು ಕೋಣೆ?" ಎಂದು ಕೇಳಿದಳು ಮಗಳು ಕೊನೆಗೆ.

"ಎರಡು."

"ಅವರಿಗೆ ಈಜು ಬರಲ್ಲ, ಗೊತ್ತಾ ಮೇಡಂ?"

"ಅದೂ..."

"ಎಂಟು ವರ್ಷದ ಹಿಂದೆ ನಾನು ಇದೇ ಜಾಗಕ್ಕೆ ಹೊರಟಿದ್ದೆ. ನಾವು ನಾಲ್ಕು ಜನ ಗೆಳತಿಯರು. ನನಗೆ ಹತ್ತೊಂಬತ್ತು. ಎರಡು ವರ್ಷ ಇದೇ ಕೊಳದಲ್ಲಿ ಕೆಲಸ ಮಾಡಿ ಟಿಕೆಟ್ ನಾನೇ ತಗೊಂಡಿದ್ದೆ. ಅವರಿಗೆ ಇಷ್ಟ ಇರಲಿಲ್ಲ, ಆದ್ರೆ ಬೇಡ ಅಂತ ಬಾಯಿಬಿಟ್ಟು ಅನ್ನಲೂ ಇಲ್ಲ. ಹೊರಡೋ ದಿನ ಬೆಳಿಗ್ಗೆ ಎದ್ದು ಕೋಣೆ ಬಾಗಿಲು ಎಳೆದ್ರೆ ಬರಲಿಲ್ಲ. ಹೊರಗೆ ಹೊಸ ಬೀಗ. ಅವರೇ ಮಾಡಿದ್ದು." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ರೈಲಿನ ವೇಳೆ ಹೇಳುವವರ ದನಿಯಂತಿತ್ತು. "ಕೂಗಿದೆ, ಒದ್ದೆ. ಅವರು ಆಚೆ ಕುರ್ಚಿ ಹಾಕ್ಕೊಂಡು ಕೂತಿದ್ರು, ಕೆಮ್ಮೋದು ಕೇಳಿಸ್ತಿತ್ತು. ಸಂಜೆ ವಿಮಾನ ಹೋದ ಮೇಲೆ ತೆಗೆದ್ರು. ತೆಗೆದು, ಊಟಕ್ಕೆ ಬಾ ಅಂದ್ರು."

"ಅವರಿಗೆ ಈಗ ತುಂಬಾ..." ಎಂದು ತೊಡಗಿದಳು ಟಿಕೆಟ್ ಅಕ್ಕ.

"ಅವರಿಗೆ ಈಗ ಹೇಗಾಗಿದೆ ಅಂತ ನಾನು ಕೇಳಲಿಲ್ಲ. ನಾನು ಬರಲ್ಲ. ಇನ್ನೊಂದು ಸಲ ಇಲ್ಲಿಗೆ ಫೋನ್ ಮಾಡಬೇಡಿ. ಮಕ್ಕಳು ನೀರಲ್ಲಿದಾರೆ, ನಾನು ಹೋಗಬೇಕು."

ಶುಕ್ರವಾರ ಬೆಳಿಗ್ಗೆ ಅವಳು ತಾನೇ ಬೀಗದವರ ಅಂಗಡಿಗೆ ಹೋದಳು. ಅಂಗಡಿಯೆಂದರೆ ಒಂದು ಬೀರುವಿನಷ್ಟು ಅಗಲದ ಜಾಗ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಲಿಕೈಗಳು, ನಡುವೆ ಮಸೆಯುವ ಮಷೀನು, ಅದರ ಸುತ್ತ ಹಿತ್ತಾಳೆಯ ಪುಡಿ. ಅವರ ಉಗುರಿನ ಸಂದಿಯಲ್ಲೂ ಅದೇ ಪುಡಿ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ತಾನು ಕೇಳಿಸಿಕೊಂಡದ್ದನ್ನೂ ಸೇರಿಸಿ.

ಬೀಗದವರು ಅರವನ್ನು ಕೆಳಗಿಟ್ಟರು. ಬಹಳ ಹೊತ್ತು ಕೈ ಒರೆಸಿಕೊಂಡರು.

"ಧ್ವನಿ ಹೇಗಿತ್ತು ಅವಳದು?"

"ಚೆನ್ನಾಗಿತ್ತು."

"ಶೀತಗೀತ ಆದ ಹಾಗಿತ್ತಾ? ನೀರಲ್ಲೇ ಇರ್ತಾಳೆ, ಅವಳಿಗೆ ಬೇಗ ಗಂಟಲು ಕಟ್ಟುತ್ತೆ."

"ಇಲ್ಲ ಯಜಮಾನ್ರೆ. ಚೆನ್ನಾಗೇ ಇತ್ತು."

"ನಾನು ಅದನ್ನ ಕೇಳಿ ಎಂಟು ವರ್ಷ ಆಯ್ತು," ಎಂದರು. ಆಮೇಲೆ ಅವಳ ಮುಖ ನೋಡದೆ ಹೇಳಿದರು: "ನಾನು ಅವಳಿಗೆ ಇನ್ನೂ ಹೇಳೇ ಇರಲಿಲ್ಲಮ್ಮ. ಎಲ್ಲಾ ಗೊತ್ತುಮಾಡಿ, ಆ ಕೊಳದ ಗೇಟ್ ಹತ್ರ ಹೋಗಿ ನಿಂತು, ಕಾಗದ ಕೈಗೆ ಕೊಟ್ಟು ಕೇಳೋಣ ಅಂತಿದ್ದೆ. ಮೂರು ಸಲ ಅಲ್ಲಿಗೆ ಹೋಗೂ ಬಂದೆ. ಗೇಟ್ ತನಕ ಹೋಗೋದು, ಕಾಲು ಬರಲಿಲ್ಲ ಅಂತ ವಾಪಸ್ ಬಸ್ ಹತ್ತೋದು. ಬರಲ್ಲ ಅಂತಾಳೆ ಅಂತ ನಂಗೂ ಗೊತ್ತಿತ್ತು. ಆದ್ರೆ ಕೇಳೋದು ನಾನು ಕೇಳಬೇಕಿತ್ತು. ಬೈದಿದ್ರೆ ನನಗೆ ಬೈತಿದ್ಲು."

ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳು ಆಫೀಸಿನ ಮೆಟ್ಟಿಲ ತಿರುವಿನಲ್ಲಿ ನಿಂತು ಅತ್ತಳು, ಮುಖ ತೊಳೆದುಕೊಂಡು ಒಳಗೆ ಹೋದಳು. ಸಂಜೆ ಅತ್ತೆಗೆ ಹೇಳಿದಾಗ, ಊರ ಉಸಾಬರಿ ನಿನಗ್ಯಾಕೆ ಎಂದು ಅವರು ಅಂದೇ ಅನ್ನುತ್ತಾರೆ ಎಂದು ಕಾದಳು. ಅತ್ತೆ ಎದ್ದು ಹೋಗಿ ಅವಳಿಗೊಂದು ಲೋಟ ಚಹಾ ಮಾಡಿ ತಂದು ಕೊಟ್ಟರು. ಅದು ಇನ್ನೂ ಕಷ್ಟವಾಯಿತು.

ಮಂಗಳವಾರ ಹನ್ನೊಂದಕ್ಕೆ ಬೀಗದವರು ಬಂದರು.

"ಒಂದು ಕೋಣೆ ತೆಗೆದುಬಿಡಿ. ನಾನು ಹೋಗಿಬರ್ತೀನಿ."

"ಒಬ್ಬರೇನಾ? ಯಜಮಾನ್ರೆ, ಅಲ್ಲಿ ಹೋಗಿ ಏನು ಮಾಡ್ತೀರಿ?"

"ಅವಳು ಏನು ಮಾಡ್ತಿದ್ಲೋ ಅದನ್ನ."

ಹೇಳಿ ನೋಡಿದಳು. ಮಂಡಿಯ ಮಾತೆತ್ತಿದಳು, ಈಜಿನ ಮಾತೆತ್ತಿದಳು. ಅವರದು ಒಂದೇ ಹಟ. ಕೊನೆಗೆ ಶಾಲೆಗೆ ಬರೆದು ಕೇಳಿದಳು. ಒಂದು ಜಾಗ ಇನ್ನೂ ಉಳಿದಿದೆ, ಸೊಂಟದ ಮಟ್ಟದ ನೀರಿನಲ್ಲಿ, ಪಕ್ಕದಲ್ಲೇ ಕಲಿಸುವವರಿದ್ದರೆ ಆಗಬಹುದು ಎಂದು ಉತ್ತರ ಬಂತು. ಹೊರಡುವುದಕ್ಕೆ ಎರಡು ತಿಂಗಳಿತ್ತು. ಅಷ್ಟರಲ್ಲಿ ಬೀಗದವರು ಊರಿನ ಈಜುಕೊಳಕ್ಕೆ ಸೇರಿ, ಬೆಳಿಗ್ಗೆ ಬೆಳಿಗ್ಗೆ ಆರು ವರ್ಷದ ಮಕ್ಕಳ ಜೊತೆ ಕಂಬಿ ಹಿಡಿದು ಕಾಲು ಬಡಿದರು. ಐದು ವಾರಕ್ಕೆ ತೇಲುವುದು ಬಂತು. ಮುಂದಕ್ಕೆ ಹೋಗುವುದು ಬರಲಿಲ್ಲ. ಮಾಲೀಕರು ಇದರ ಮೇಲೆ ಎರಡು ಮೂರು ನಗೆಮಾತು ಹೊಸೆದರು. ಟಿಕೆಟ್ ಅಕ್ಕ ತಲೆಯೆತ್ತಲಿಲ್ಲ, ಆಮೇಲೆ ಅವರೂ ಸುಮ್ಮನಾದರು.

ಅವಳು ಅವರಿಗೊಂದು ಫೈಲು ಮಾಡಿದಳು. ಯಾವ ಸಾಲಿನಲ್ಲಿ ನಿಲ್ಲಬೇಕು, ಯಾವ ಕಾಗದವನ್ನು ಯಾವಾಗ ತೋರಿಸಬೇಕು, ವಿಮಾನ ಬದಲಾಯಿಸುವಲ್ಲಿ ಯಾವ ಬಾಣದ ಗುರುತು ಹಿಡಿದು ನಡೆಯಬೇಕು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದಳು. ಬೇರೆ ಭಾಷೆ ಬಾರದ ಮನುಷ್ಯ; ಬಾಯಾರಿದರೆ, ದಾರಿ ತಪ್ಪಿದರೆ, ಎದೆನೋವು ಬಂದರೆ ತೋರಿಸಲು ಚೀಟಿಗಳನ್ನೂ ಮಾಡಿಕೊಟ್ಟಳು. ಹೊರಡುವ ದಿನ ಬಸ್ ನಿಲ್ದಾಣಕ್ಕೂ ಹೋದಳು. ಬೀಗದವರು ಕಿಟಕಿಯ ಪಕ್ಕ ಕೂತು ಫೈಲನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೈ ಬೀಸಬೇಕೆಂದು ಅವರಿಗೆ ಹೊಳೆಯಲಿಲ್ಲ.

ಆ ಹತ್ತು ದಿನ ಅವಳು ಆಫೀಸಿಗೆ ಬಂದ ಕೂಡಲೆ ಕಂಪ್ಯೂಟರಿನಲ್ಲಿ ಆ ತೀರದ ಅಲೆಯ ಎತ್ತರ ನೋಡುತ್ತಿದ್ದಳು. ಎರಡಡಿ. ಮೂರಡಿ. ಒಂದು ದಿನ ಐದಡಿ ಎಂದಿತ್ತು. ಅವತ್ತು ಅವಳಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಆ ದಿನಗಳು ಕಳೆದು ಬಂದ ಬುಧವಾರ ಅಂಗಡಿಯ ಬಾಗಿಲು ತೆರೆದಿತ್ತು. ಬೀಗದವರ ಮೂಗಿನ ಚರ್ಮ ಬಿಸಿಲಿಗೆ ಸುಲಿದಿತ್ತು, ಗದ್ದದ ಮೇಲೆ ತರಚಿದ ಗಾಯ ಒಣಗಿತ್ತು, ಒಂದು ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಅವಳು ಮರದ ಸ್ಟೂಲಿನ ಮೇಲೆ ಕೂತಳು. ಕೇಳುವ ಮೊದಲೇ ಅವರು ಹೇಳತೊಡಗಿದರು.

"ಕಲಿಸೋದಕ್ಕೆ ಒಂದು ಹುಡುಗಿ ಬರ್ತಿದ್ಲು. ನನ್ನ ಮಗಳ ವಯಸ್ಸೇ ಇರಬೇಕು. ನನ್ನ ಮಾತು ಅವಳಿಗೆ ತಿಳಿಯಲ್ಲ, ಅವಳದು ನನಗೆ ತಿಳಿಯಲ್ಲ. ಕೈಸನ್ನೆಲೇ ಎಲ್ಲ. ಐದು ದಿನ ಬರೀ ನೀರು ಕುಡಿದಿದ್ದೇ ಆಯ್ತು. ಮಂಡಿ ಮಡಿಸಿ ಏಳೋಕೆ ಹೋದ್ರೆ ಹಲಗೆ ಒಂದು ಕಡೆ, ನಾನೊಂದು ಕಡೆ. ಆರನೇ ದಿನ ಆ ಹುಡುಗಿ ನೋಡಿ ನೋಡಿ ಸಾಕಾಗಿ, ಏಳಬೇಡ, ಮಲಗೇ ಇರು ಅಂತ ಸನ್ನೆ ಮಾಡಿದ್ಲು. ಅಲೆ ಬರೋ ಹೊತ್ತಿಗೆ ಹಿಂದಿನಿಂದ ತಳ್ಳಿಬಿಟ್ಲು."

ಅವರ ಮುಖದಲ್ಲಿ ಏನೋ ಹೊಳೆದಂತಾಗಿ, ಅದು ಅಲ್ಲೇ ಆರಿತು.

"ಎತ್ತಿಕೊಂಡ್ಬಿಡ್ತಮ್ಮ ಆ ಅಲೆ. ಅಳೋ ಮಗೂನ ಅಜ್ಜಿ ಎತ್ತಿ ಸೊಂಟಕ್ಕೆ ಹಾಕ್ಕೊಳ್ಳಲ್ವಾ, ಹಾಗೆ. ಎತ್ತಿಕೊಂಡು ದಡದ ತನಕ ಒಂದೇ ಉಸಿರಿಗೆ ತಂದು ಬಿಡ್ತು. ಬಾಯಿ ತುಂಬ ಉಪ್ಪುನೀರು, ಆದ್ರೂ ನಗ್ತಿದ್ದೆ. ನಾನು ಹಾಗೆ ನಕ್ಕಿದ್ದು ಯಾವಾಗ ಅಂತಾನೇ ನೆನಪಿಲ್ಲ."

"ಒಳ್ಳೇದಾಯ್ತಲ್ಲ ಯಜಮಾನ್ರೆ," ಎಂದಳು ಅವಳು.

"ಆಮೇಲೆ ಉಳಿದ ದಿನ ನಾನು ನೀರಿಗೆ ಇಳಿಯಲಿಲ್ಲ. ಕೋಣೆಲೇ ಇದ್ದೆ."

"ಯಾಕೆ?"

"ಇಷ್ಟು ವರ್ಷ ಒಳಗೊಳಗೇ ಒಂದು ಸಮಾಧಾನ ಇತ್ತು ನನಗೆ. ಏನೋ ಹುಡುಗಾಟ, ಒಂದು ಹಲಗೆ, ನಾಲ್ಕು ಅಲೆ, ಹೋಗದಿದ್ರೆ ಅವಳ ಗಂಟೇನು ಹೋಯ್ತು ಅಂತ. ತಪ್ಪು ಮಾಡಿದೆ, ಆದ್ರೆ ಸಣ್ಣದಕ್ಕೆ ಮಾಡಿದೆ ಅಂತ. ಅದು ಸಣ್ಣದಲ್ಲಮ್ಮ. ಹೋಗಬಾರದಿತ್ತು ನಾನು. ಅದು ಅಷ್ಟು ಚೆನ್ನಾಗಿರುತ್ತೆ ಅಂತ ತಿಳ್ಕೋಬಾರದಿತ್ತು."

ಹೊರಗೆ ಯಾರೋ ಬಂದು ಎರಡು ಕೀಲಿಕೈ ಬೇಕೆಂದರು. ಅವರು ಎದ್ದು ಮಷೀನು ಹಾಕಿದರು. ಆ ಕರ್ಕಶ ಸದ್ದಿನಲ್ಲೇ ಟಿಕೆಟ್ ಅಕ್ಕ, "ನನ್ನಿಂದ ತಪ್ಪಾಯ್ತು, ಅವತ್ತು ಫೋನ್ ಮಾಡಬಾರದಿತ್ತು," ಎಂದಳು. ಅವರಿಗೆ ಕೇಳಿಸಿತೋ ಇಲ್ಲವೋ. ಕಿವಿಯಲ್ಲಿ ಹತ್ತಿ ಇತ್ತು.

ಎರಡು ವಾರದ ಮೇಲೆ ಆಫೀಸಿಗೆ ಫೋನು ಬಂತು. ಅವಳೇ ಎತ್ತಿದಳು.

"ಮೇಡಂ, ಅವತ್ತು ನೀವು ಈಜುಕೊಳಕ್ಕೆ ಫೋನ್ ಮಾಡಿದ್ರಲ್ಲ..." ದನಿ ಗುರುತು ಸಿಕ್ಕಿತು. ಈ ಸಲ ಹಿಂದಿನಿಂದ ಮಕ್ಕಳ ಗಲಾಟೆ ಇರಲಿಲ್ಲ. "ಅವರು ಹೋದ್ರಾ?"

ಟಿಕೆಟ್ ಅಕ್ಕನ ನಾಲಗೆಯ ತುದಿಯಲ್ಲಿ ಎಲ್ಲವೂ ಇತ್ತು. ಹೋದರು, ಬಿದ್ದರು, ನೀರು ಕುಡಿದರು, ಒಂದು ಅಲೆ ಹತ್ತಿದರು, ನಕ್ಕರು. ಆದರೆ ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಮೂಸಿ ನೋಡುತ್ತದೆ.

"ಅದನ್ನ..." ಎಂದಳು ಮೆಲ್ಲಗೆ, "ಅದನ್ನ ನೀವು ಅವರನ್ನೇ ಕೇಳಿದ್ರೆ ಒಳ್ಳೇದಲ್ವಾ?"

"ಹೂಂ," ಎಂದಿತು ಆ ಕಡೆಯ ದನಿ. ಫೋನ್ ಇಟ್ಟ ಸದ್ದು.

ಇಟ್ಟ ಮರುಕ್ಷಣವೇ ಅವಳಿಗೆ ಅನುಮಾನ ಹತ್ತಿತು. ಎಂಟು ವರ್ಷದ ಮೇಲೆ ತಾನಾಗಿ ಬಂದು ಬಾಗಿಲು ತಟ್ಟಿದವಳನ್ನು ಹೊಸಿಲಲ್ಲೇ ತಿರುಗಿಸಿ ಕಳಿಸಿದೆನೇ? ಮಾತಾಡಬಾರದಲ್ಲಿ ಮಾತಾಡಿದೆ, ಆಡಬೇಕಾದಲ್ಲಿ ಬಾಯಿ ಕಟ್ಟಿಕೊಂಡೆನೇ? ತಿರುಗಿ ಫೋನ್ ಮಾಡಲು ಕೈ ಚಾಚಿ, ಮಾಡಬೇಡಿ ಎಂದದ್ದು ನೆನಪಾಗಿ ಹಿಂದೆಗೆದಳು. ಮರುದಿನ ತಡೆಯಲಾರದೆ ಬೀಗದವರ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

ಅವರು ಕೂತಲ್ಲಿಂದ ಎದ್ದು ನಿಂತರು. "ಅವಳಾಗೇ ಮಾಡಿದ್ಲಾ? ಏನಂತ ಕೇಳಿದ್ಲು? ಅವಳ ಮಾತಲ್ಲೇ ಹೇಳಿ."

"ಅವರು ಹೋದ್ರಾ, ಅಂತ."

"ನೀವೇನಂದ್ರಿ?"

"ನಿಮ್ಮನ್ನೇ ಕೇಳಿ ಅಂದೆ."

ಬೀಗದವರು ಯೋಚಿಸಿದರು. "ಸರಿಯಾಗೇ ಹೇಳಿದ್ರಿ," ಎಂದರು. ನಿಜವಾಗಿ ಹಾಗನ್ನಿಸಿತೋ, ಅವಳ ಮುಖ ನೋಡಿ ಅಂದರೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತಿನಿಂದ ಅವರು ಫೋನನ್ನು ಮಷೀನಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಮಸೆಯುವ ಸದ್ದಿನಲ್ಲಿ ಅದು ಬಡಿದುಕೊಂಡರೆ ಕೇಳಿಸುವುದಿಲ್ಲವೆಂದು, ಒಂದು ಕೀಲಿಕೈ ಮುಗಿಯುವುದರೊಳಗೆ ಮೂರು ನಾಲ್ಕು ಸಲ ಮಷೀನು ನಿಲ್ಲಿಸಿ ಫೋನಿನ ಕಡೆ ನೋಡುತ್ತಾರೆ. ಅವಸರದ ಗಿರಾಕಿಗಳು ಗೊಣಗುತ್ತಾರೆ. ಟಿಕೆಟ್ ಅಕ್ಕ ಬೆಳಿಗ್ಗೆ ಆಫೀಸಿಗೆ ಹೋಗುವಾಗಲೂ ಸಂಜೆ ಮನೆಗೆ ಹೊರಡುವಾಗಲೂ ಆ ಮೂಲೆಯನ್ನು ದಾಟಲೇಬೇಕು. ಮಷೀನಿನ ಸದ್ದು ತಟ್ಟನೆ ನಿಲ್ಲುವುದು ಕೇಳಿಸುತ್ತದೆ. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಗುತ್ತದೆ.